ಕೆರೆಯಲ್ಲಿ ತೊಳೆದ ಬೈಗುಳ

ಬೆಳಿಗ್ಗೆ ಜಗಲಿಯಲ್ಲಿ ಅಣ್ಣನ ಮಗಳು ಪುಟ್ಟಿ, ಆಡಲು ಬಂದ ಪಕ್ಕದ ಮನೆಯ ನೂರಿಯತ್ತ ಬೆರಳು ತೋರಿಸಿ, "ನಿಮ್ಮೋರೆಲ್ಲ ಊರ್ ಬುಟ್ಟು ಓಗಿ!" ಎಂದು ಕೂಗಿದಳು. ಅಣ್ಣ ದಿನವೂ ಫೋನಿನಲ್ಲಿ ಹಾಕುವ ಮುಖಂಡನ ಭಾಷಣದ್ದೇ ದನಿ. ನೂರಿ ತಿರುಗಿ ಮನೆಗೆ ಹೋದಳು.

ನನಗೆ ತಾತನ ಊರು ಗುಮಟಾಪುರದಲ್ಲಿ ಎಲ್ಲರೂ ಬೈದಾಡುತ್ತಾ ಸಗಣಿ ಎರಚಾಡುವ ಸಗಣಿ ಹಬ್ಬ ನೆನಪಾಯಿತು. ತಾತ ತನ್ನ ಗೆಳೆಯ ಮಾದಪ್ಪನಿಗೆ ಸಗಣಿ ಉಂಡೆ ಎಸೆಯುತ್ತಾ, "ಬಾರ್ಲಾ ಸೋಂಬೇರಿ, ಬೆನ್ ತೋರುಸ್ಬ್ಯಾಡ!" ಎಂದು ಬೈಯುತ್ತಿದ್ದ. ಆಮೇಲೆ ಇಬ್ಬರೂ ಕೆರೆಗಿಳಿದು ಒಬ್ಬರ ಬೆನ್ನು ಒಬ್ಬರು ಉಜ್ಜುತ್ತಿದ್ದರು.

"ಅಷ್ಟೊಂದು ಬೈದ್ಯಲ್ಲ ತಾತ?" ಎಂದರೆ, "ಅದ್ನೆಲ್ಲ ಇಲ್ಲೇ ತೊಳ್ದ್ಬುಟ್ಟೋ ಕಣವ್ವ, ಮನೆಗೆ ಒತ್ಕಂಡೋಗದಾ?" ಎಂದು ನಗುತ್ತಿದ್ದ.

ಮುಖಂಡನ ಮಾತು ಈಗ ನಮ್ಮ ಮನೆಯೊಳಗೇ ಬಂದು ಕೂತಿದೆ. ಮಧ್ಯಾಹ್ನವಾದರೂ ನೂರಿ ಬಂದಿಲ್ಲ. ಅಣ್ಣನೆದುರು ನಾನು ಎಂದೂ ಬಾಯಿಬಿಟ್ಟವಳಲ್ಲ. ಇವತ್ತು ಸಂಜೆ, ಪುಟ್ಟಿಯ ಮುಂದೆಯೇ, ಆ ಭಾಷಣ ನಿಲ್ಲಿಸು ಎನ್ನುತ್ತೇನೆ.