ದಾರದ ಬಣ್ಣ

ಕಣ್ಣು ಪೂರಾ ಹೋದ ಮೇಲೆ ಟೈಲರ್ ಮಾವ ಮೂರು ತಿಂಗಳು ದೇವರ ಜತೆ ಮಾತು ಬಿಟ್ಟಿದ್ದರು. ಆಮೇಲೆ ತಾವಾಗಿಯೇ ರಾಜಿಯಾಗಿ, ಭಾನುವಾರ ಚರ್ಚಿಗೂ ಉಳಿದ ದಿನ ಅಂಗಡಿಗೂ ಹೊರಟರು. ಗುಂಡಿ ಹೊಲಿಯುವುದೆಲ್ಲ ಬೆರಳಿನ ಅಂದಾಜಿನಲ್ಲೇ. ಸೂಜಿಗೆ ದಾರ ಪೋಣಿಸಿ ಕೊಡಲು ಪಕ್ಕದಲ್ಲಿ ಹೆಂಡತಿ.

ಅಂಗಿ ತಂದ ಬಾಯಿಬಡುಕ ಗಿರಾಕಿಯೊಬ್ಬ ಕೆಣಕಿದ: "ಕಣ್ಣು ಕಿತ್ಕೊಂಡ ದೇವರನ್ನ ಇನ್ನೂ ಹೇಗೆ ನಂಬ್ತೀರಿ?"

ಮಾವ ಅಂಗಿ ತಡವಿದರು. "ಇದು ಯಾವ ಬಣ್ಣವೋ, ಇವಳು ಕೊಡೋ ದಾರ ಯಾವ ಬಣ್ಣವೋ, ನನಗೆ ಗೊತ್ತಿಲ್ಲ. ಕೇಳೋದೂ ಇಲ್ಲ. ಕೊಡೋಳು ಎಂಥೋಳು ಅಂತ ಗೊತ್ತಲ್ಲಪ್ಪ. ದೇವರೂ ಹಾಗೇ."

"ಕೇಳೋದಿಲ್ವಂತೆ! ಮೊದಮೊದಲು ಸಾವಿರ ಸಲ ಕೇಳಿ ನನ್ನ ತಲೆ ತಿಂದಿದ್ರು," ಎಂದು ಹೆಂಡತಿ ನಕ್ಕರು.

"ದೇವರ ತಲೇನೂ ತಿಂದಿದೀನಿ ಬಿಡು," ಎನ್ನುತ್ತ ಮಾವ ಮುಖ ತಿರುಗಿಸದೆ ಕೈ ಚಾಚಿದರು. ದಾರ ಪೋಣಿಸಿದ ಸೂಜಿ ಆಗಲೇ ಅಲ್ಲಿತ್ತು.