ಹತ್ತೊಂಬತ್ತು ಮಕ್ಕಳಿಗೆ ಹತ್ತೊಂಬತ್ತು ಮಾತು

ಬೆಳಗಿನ ಐದೂಮುಕ್ಕಾಲು. ಜಕ್ಕೂರಿನ ಹಳೇ ಓಣಿಗಳು ಮುಗಿದು ಅಪಾರ್ಟ್‌ಮೆಂಟುಗಳು ಶುರುವಾಗುವ ಕಡೆ ಒಂದು ಡೇ ಕೇರ್ ಇದೆ. ಅದರ ಅಡುಗೆಮನೆಯಲ್ಲಿ ಹಾಲು ಒಲೆಯ ಮೇಲಿದೆ. ಪಕ್ಕದ ಕಡಪ ಕಲ್ಲಿನ ಮೇಲೆ ಪಟಾಲಮ್ಮ ಸೀಮೆಸುಣ್ಣದಲ್ಲಿ ಇಂಗ್ಲಿಷ್ ಬರೆಯುತ್ತಿದ್ದಾರೆ. ಮೇಲೆ ‘ಹ್ಯಾಪಿ’, ಅದರ ಕೆಳಗೆ ‘ಗ್ಲ್ಯಾಡ್’, ‘ಚಿಯರ್‌ಫುಲ್’, ‘ಜಾಲಿ’. ಬಾಯಲ್ಲೇ ಹೇಳಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಬರೆಯುತ್ತಾರೆ. ಆರೂವರೆಗೆ ಅದೇ ಕಲ್ಲಿನ ಮೇಲೆ ತರಕಾರಿ ಹೆಚ್ಚಬೇಕು.

“ಏನೇ ಪಟಾಲಿ, ಹಾಲು ಉಕ್ಕಿದ್ರೆ ಇಂಗ್ಲಿಷಲ್ಲಿ ಬೇಡ ಅಂತೀಯಾ, ಇಲ್ಲ ಒಲೆ ಆರಿಸ್ತೀಯಾ?” ಅಡುಗೆಯ ರಾಮಲಕ್ಷ್ಮಮ್ಮ ರೇಗಿಸುತ್ತಾರೆ.

“ನೀನೇ ಆರ್ಸಕ್ಕ. ನಂಗಿನ್ನೂ ‘ಸ್ಯಾಡ್’ ಬಾಕಿ ಐತೆ.”

ಪಟಾಲಮ್ಮ ಇಲ್ಲಿನ ಆಯಾ. ಅಮೃತಹಳ್ಳಿಯವರು, ವಯಸ್ಸು ನಲವತ್ತೆಂಟು. ಏಳನೇ ಕ್ಲಾಸಿಗೆ ಮನೆಯವರು ಶಾಲೆ ಬಿಡಿಸಿ ದ್ರಾಕ್ಷಿ ತೋಟದ ಕೂಲಿಗೆ ಕಳಿಸಿದರು. ತೋಟವಿದ್ದ ಕಡೆ ಈಗ ಕಟ್ಟಡಗಳಿವೆ. ಆ ಕಟ್ಟಡಗಳ ಮಕ್ಕಳೇ ಬೆಳಗಾದರೆ ಇವರ ಸೊಂಟಕ್ಕೇರುತ್ತಾರೆ. ಒಟ್ಟು ಹತ್ತೊಂಬತ್ತು ಮಕ್ಕಳು. ಉಣ್ಣಿಸುವುದು, ಮಲಗಿಸುವುದು, ಚಡ್ಡಿ ಬದಲಿಸುವುದು ಎಲ್ಲ ಆದ ಮೇಲೆ, ಸಂಜೆ ಒಂದೊಂದು ಮಗುವಿನ ಡೈರಿಯಲ್ಲೂ ಆ ದಿನ ಹೇಗಿತ್ತೆಂದು ಇಂಗ್ಲಿಷಿನಲ್ಲಿ ಬರೆಯಬೇಕು.

ಎರಡು ವರ್ಷ ಅವರು ಎಲ್ಲರಿಗೂ ‘ಗುಡ್’ ಎಂದೇ ಬರೆದರು. ಒಂದು ದಿನ ಗಿರಿ ಎಂಬ ಪೋರ ಗೋದಾಳ ತೋಳು ಕಚ್ಚಿದ. ಇಬ್ಬರ ತಾಯಂದಿರೂ ಒಂದೇ ಕಟ್ಟಡದವರು. ಲಿಫ್ಟಿನಲ್ಲಿ ಡೈರಿ ತೆರೆದರೆ ಕಚ್ಚಿದವನೂ ಗುಡ್, ಕಚ್ಚಿಸಿಕೊಂಡವಳೂ ಗುಡ್! ಡೇ ಕೇರ್ ನಡೆಸುವ ಹರಿಪ್ರಿಯಾ, ಬೇರೆ ಪದ ಬಳಸಿ ಎಂದರು.

ಪಟಾಲಮ್ಮ ಹಳೇ ಪೇಪರ್ ಅಂಗಡಿಯಿಂದ ಒಂದು ಸಮಾನಾರ್ಥಕ ಪದಗಳ ಪುಸ್ತಕ ತಂದರು. ‘ಗುಡ್’ ಕೆಳಗಿದ್ದ ಪದಗಳನ್ನು ದಿನಕ್ಕೊಂದರಂತೆ ಇಳಿಸುತ್ತ ಹೋದರು. ನಯನಾಳ ಅಪ್ಪ ವಿಶ್ವನಾಥ ಡೈರಿ ಹಿಡಿದು ಬಂದೇಬಿಟ್ಟರು: “ಎರಡು ಸಲ ವಾಂತಿ ಮಾಡ್ಕೊಂಡಿದೆ ಮಗು. ಇಲ್ಲಿ ನೋಡಿದ್ರೆ ‘ಮ್ಯಾಗ್ನಿಫಿಸೆಂಟ್’ ಅಂತೆ ಕಣ್ರೀ!”

ಹರಿಪ್ರಿಯಾ ಒಂದು ತಿಂಗಳ ಗಡುವು ಕೊಟ್ಟರು. ಸರಿಹೋಗದಿದ್ದರೆ ನಗುಮುಖ, ಅಳುಮುಖ ಒತ್ತುವ ಆ್ಯಪ್ ಬರುತ್ತದೆ, ಪಟಾಲಮ್ಮ ಪಾತ್ರೆ ತೊಳೆಯುವ ಕಡೆಗೆ ಹೋಗುತ್ತಾರೆ.

“ಪಾತ್ರೆ ತೊಳ್ಯಾಕೆ ನಂಗೇನ್ ಬೇಜಾರಿಲ್ಲ. ಆದ್ರೆ ಬರೀಬೇಕಲ್ಲ ಅಂತ ಒಂದೊಂದ್ ಮಗೂನೂ ದಿಟ್ಟಿಸಿ ನೋಡಾದು ಅಭ್ಯಾಸ ಆಗೋಗಿತ್ತು. ಅಡ್ಗೆಮನೆ ಸೇರ್ಕೊಂಡ್ರೆ ಅವು ನನ್ ಕಣ್ಣಿಗೇ ಬೀಳಾಕಿಲ್ವಲ್ಲ.”

ಅಂದಿನಿಂದ ಅವರದು ಒಂದು ಕಟ್ಟುನಿಟ್ಟು. ಬೆಳಿಗ್ಗೆ ಕಲಿತ ಪದವನ್ನು ಸಂಜೆಗೇ ಬರೆಯುವಂತಿಲ್ಲ. ಯಾವುದಾದರೂ ಮಗು ಅದನ್ನು ತೋರಿಸಿಕೊಡುವ ತನಕ ಕಾಯಬೇಕು. ನೋಟ್‌ಬುಕ್ಕಿನ ಎಡಕ್ಕೆ ಪದ, ಬಲಕ್ಕೆ ಮಗುವಿನ ಹೆಸರು. ಡೈರಿಯಲ್ಲಿ ಪದದ ಜೊತೆಗೆ ಮಗು ಏನು ಮಾಡಿತೆಂದು ಒಂದೆರಡು ಸಾಲು. ಶಾಂತ ಎಂಬರ್ಥದ ‘ಕಾಮ್’ ಪದ ಹನ್ನೊಂದು ದಿನ ಒಂಟಿಯಾಗಿ ಕೂತಿತ್ತು. ಉಪ್ಪಿಟ್ಟಿನ ಚೂರು ಹೊತ್ತ ಇರುವೆಯನ್ನು ಗೋದಾ ಅರ್ಧ ಗಂಟೆ ಅಲ್ಲಾಡದೆ ನೋಡಿದ ದಿನ ಅದರ ಮುಂದೆ ಅವಳ ಹೆಸರು ಬಂತು.

“ಬಾಗ್ಲಿಂದೆ ಬಚ್ಚಿಟ್ಕೊಂಡ್ರೆ ‘ಶೈ’. ನಿದ್ದೆ ಗುಂಗಲ್ಲಿದ್ರೆ ‘ಡ್ರೌಸಿ’. ಮೊದ್ಲು ಎಲ್ಲಾನೂ ಸುಮ್ಕವೆ ಅಂತಿದ್ದೆ. ಸುಮ್ಕಿರೋದ್ರಾಗೇ ಎಷ್ಟೊಂದ್ ತರ ಐತೆ ನೋಡಿ!”

ಗಡುವು ಮುಗಿದ ಶನಿವಾರ, ಪೋಷಕರ ಸಭೆ. ಪಟಾಲಮ್ಮ ಯಾರದೋ ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಮುಖ ಬಾಡಿದೆ. ವಿಶ್ವನಾಥ ಏಳುತ್ತಾರೆ, ಕೈಯಲ್ಲಿ ಅದೇ ಡೈರಿ.

“ಮ್ಯಾಗ್ನಿಫಿಸೆಂಟ್ ಕಂಪ್ಲೇಂಟ್ ಮಾಡಿದ್ದು ನಾನೇ ಮೇಡಂ. ಈಗ ಬುಧವಾರದ್ದು ಕೇಳಿ. ‘ನಯನಾ ಇವತ್ತು ಸ್ಟಬರ್ನ್. ಎಡಗಾಲಿನ ಶೂ ತಾನೇ ಹಾಕ್ಕೊಂಡಳು, ನನ್ನ ಕೈ ಮುಟ್ಟಿಸಲಿಲ್ಲ’ ಅಂತ ಪಟಾಲಮ್ಮ ಬರ್ದಿದ್ದಾರೆ. ಅವತ್ತಿಡೀ ನಾನು ಮೀಟಿಂಗಲ್ಲಿದ್ದೆ. ಆದ್ರೂ ಇದನ್ನ ಓದಿ ಮಗಳನ್ನ ನೋಡ್ದಂಗಾಯ್ತು. ಮುಖ ಒತ್ತೋ ಆ್ಯಪ್ ನಮ್ಗೆ ಬೇಡ.”

“ನನ್ನ ಮಗನಿಗೆ ‘ಫಿಯರ್ಸ್’, ಅಂದ್ರೆ ಉಗ್ರ, ಅಂತ ಹಾಕಿದ್ದಾರೆ, ನಿಜಾನೇ ಬಿಡಿ,” ಎಂದು ಗಿರಿಯ ತಾಯಿ ನಗುತ್ತಾರೆ.

ಹರಿಪ್ರಿಯಾ ಕನ್ನಡಕ ತೆಗೆದಿಡುತ್ತಾರೆ. “ಸರಿ ಪಟಾಲಮ್ಮ, ನೀವೇ ಬರೀರಿ. ಅಕ್ಷರ ಮಾತ್ರ ಸ್ವಲ್ಪ ದೊಡ್ಡದಾಗಿರಲಿ.”

“ಸದ್ಯ!” ಎಂದು ಪಟಾಲಮ್ಮ ಪಕ್ಕದಲ್ಲಿದ್ದ ಮಕ್ಕಳ ಕುರ್ಚಿಯ ಮೇಲೆ ಕುಸಿಯುತ್ತಾರೆ. ಗೇಣುದ್ದದ ಕುರ್ಚಿ, ಮೊಣಕಾಲು ಗಲ್ಲಕ್ಕೆ ತಾಗುತ್ತದೆ. “ಏಳೇ, ಮುರ್ದು ಗಿರ್ದೀಯ!” ಎಂದು ರಾಮಲಕ್ಷ್ಮಮ್ಮ ಕೈ ಕೊಟ್ಟು ಎಬ್ಬಿಸಿ, ಒಂದು ಲೋಟ ಟೀ ಹಿಡಿಸುತ್ತಾರೆ.

ಪೋಷಕರೆಲ್ಲ ಹೋದ ಮೇಲೆ, ಟೀ ಕುಡಿಯುತ್ತ, ಪಟಾಲಮ್ಮ ಒಂದು ಡೈರಿ ಬಿಡಿಸಿ ತೋರಿಸುತ್ತಾರೆ. ಪ್ರತಿ ಪುಟದ ಕೆಳಗೂ ‘ಆಯಾ’ ಎಂದು ಅಚ್ಚಾಗಿದೆ, ಪಕ್ಕದಲ್ಲಿ ಖಾಲಿ ಗೆರೆ.

“ಈ ಗೆರೆ ಮ್ಯಾಲೆ ನನ್ ಹೆಸ್ರು ಬರ್ಕಳ್ಳಾ ಅಂತ ಮೇಡಮ್ಮೋರ್ನ ಕೇಳ್ಬೇಕು. ಇವತ್ತು ಬ್ಯಾಡ, ಬರಿಯೋ ಕೆಲ್ಸ ಉಳ್ದೈತೆ, ಅದ್ರ ಮ್ಯಾಲೆ ಇನ್ನೊಂದ್ ಕೇಳಿದ್ರೆ ಚೆನ್ನಾಗಿರಾಕಿಲ್ಲ. ಸೋಮವಾರ ಕೇಳ್ತೀನಿ.”