ಹಾಲು ಕುಡಿದ ಕತ್ತಿ

ಪಾಳೇಗಾರರ ಪಡೆಯಲ್ಲಿ ಕಾದಾಡಿದ ಹಿರೀಕರ ಕತ್ತಿಯೇ ಸಮೇತನಹಳ್ಳಿಯ ಆವಲಪ್ಪನ ಮನೆದೇವರು. ಪ್ರತಿ ಆಯುಧಪೂಜೆಗೂ ಹೆಂಡತಿ ಮುನಿಗಂಗಮ್ಮ ಅದಕ್ಕೆ ಹಾಲೆರೆದು, ಕುಂಕುಮ ಹಚ್ಚಿ, ಹಸಿಹಸಿಯಾಗಿಯೇ ಒರೆಗೆ ಸೇರಿಸುತ್ತಿದ್ದಳು.

"ಒರೆಸಿ ಎಣ್ಣೆ ಹಚ್ಚು ಕಣೆ, ತುಕ್ಕು ಹಿಡೀತದೆ!" ಎಂದು ಆವಲಪ್ಪ ವರ್ಷವೂ ಗಂಟಲು ಹರಿದುಕೊಳ್ಳುತ್ತಿದ್ದ.

"ದೇವ್ರ ಕುಂಕುಮ ಒರೆಸ್ತಾರಾ? ಬಿಡ್ತು ಅನ್ನಿ," ಎಂದು ಅವಳು ಅವನ ಕೈ ತಳ್ಳುತ್ತಿದ್ದಳು.

ಈ ಸಲ ಹೊಸಕೋಟೆಯಲ್ಲಿ ಜಾತಿ ಸಂಘದ ಸಮಾವೇಶ. "ನಮ್ದು ವೀರರ ರಕ್ತ!" ಎಂದು ಕೂಗುತ್ತ ಹುಡುಗರು ಆವಲಪ್ಪನನ್ನು ವೇದಿಕೆ ಹತ್ತಿಸಿ, ಕತ್ತಿ ಹಿರಿಯಲು ಹೇಳಿದರು. ಅವನು ಹಲ್ಲು ಕಚ್ಚಿ ಎಳೆದ. ಬರೀ ಹಿಡಿ ಕೈಗೆ ಬಂತು; ತುಕ್ಕು ತಿಂದ ಅಲಗು ಒರೆಯಲ್ಲೇ ಉಳಿಯಿತು.

"ಹಿಡೀನೇ ಎತ್ತಣ್ಣ, ಫೋಟೊಗೆ ಸಾಕು," ಎಂದನೊಬ್ಬ.

ಉರಿದುಕೊಂಡು ಮನೆಗೆ ಬಂದ ಆವಲಪ್ಪ ಹಿಡಿಯನ್ನು ಹೆಂಡತಿಯ ಮುಂದೆ ಕುಕ್ಕಿದ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಹಾಲು ತರಲು ಒಳಗೆ ಹೋದಳು.